ಊರು ಎಷ್ಟು ಸೊಟ್ಟಗಿರಬೇಕು

ಮೊದಲ ಸಲ ರಸ್ತೆ ನೆಟ್ಟಗೆ ಎಳೆದೆ.
ಹಗಲೆಲ್ಲ ಜೀನ್ಸ್ ಕತ್ತರಿಸುವ ಕೈ ಇದು,
ಎಂಬತ್ತು ಪದರ ಬಟ್ಟೆಯ ಮೇಲೆ ಒಂದೇ ಸೀಮೆಸುಣ್ಣದ ಗೆರೆ,
ಮೂವತ್ತೆರಡರ ಸೊಂಟಕ್ಕೆ ಮೂವತ್ತೆರಡೇ.
ರಾತ್ರಿ ಮೌಸ್ ಹಿಡಿದರೆ
ಇಂಗ್ಲೆಂಡಿನ ಹಳ್ಳಿಯೂ
ಬಳ್ಳಾರಿಯ ಹೊಸ ಲೇಔಟಿನಂತೆ
ಚೌಕ, ಚೌಕ, ಚೌಕ.

ಖಾಜಾ ಬಗ್ಗಿ ನೋಡಿ ನಕ್ಕ:
'ಹಳ್ಳಿ ಅಲ್ಲಲೇ ಎರ್ರಿಸ್ವಾಮಿ, ಪ್ಯಾಕಿಂಗ್ ಡಬ್ಬಿ.'

ಅಳಿಸಿದೆ. ಬೇಕೆಂದೇ ಸೊಟ್ಟ ಎಳೆದೆ.
ಅದು ಕುಡುಕನ ಪಾತ್ರ ಮಾಡುವ
ಶಾಲೆ ಹುಡುಗನ ಹಾಗೆ ತೂರಾಡಿತು.

ಸೊಟ್ಟಕ್ಕೂ ಒಂದು ಕಾರಣ ಬೇಕು.
ಕೌಲ್ ಬಜಾರಿನ ನಮ್ಮ ಓಣಿ
ಮೂರನೇ ಮನೆ ದಾಟಿದ್ದೇ ಯಾಕೆ ಎಡಕ್ಕೆ ಹೊರಳುತ್ತದೆ?
ಹೊನ್ನೂರಮ್ಮತ್ತೆ ಮಂಡಾಳು ಕೇರುತ್ತ ಅಂದಳು:
'ಅಲ್ಲೊಂದು ಗುಂಡು ಇತ್ತಪ್ಪ, ಎಮ್ಮಿ ಗಾತ್ರದ್ದು.
ಒಡಿಸಾಕ ಯಾರ ಹತ್ರ ರೊಕ್ಕ ಇತ್ತು? ಸುತ್ತು ಹಾಕ್ಕೊಂಡು ಓಡಾಡಿದ್ವಿ.
ಆಮ್ಯಾಗ ಯಾವನೋ ಒಡೆದು ಪಾಯಕ್ಕ ಹಾಕ್ಕೊಂಡ.
ಗುಂಡು ಹೋತು. ಹೊರಳಾದು ಹೋಗಲಿಲ್ಲ.'

ಆ ರಾತ್ರಿ ಪರದೆಯ ಮೇಲೆ ಮೊದಲು ಗುಂಡು ಇಟ್ಟೆ.
ರಸ್ತೆ ಬಳಸಿಕೊಂಡು ಹೋಯಿತು.
ಆಮೇಲೆ ಗುಂಡು ತೆಗೆದೆ.
ಹೀಗೆ ಹನ್ನೊಂದು ಗುಂಡು, ಒಂದು ಸತ್ತ ಮರ,
ಅಣ್ಣತಮ್ಮಂದಿರ ಒಂದು ಜಗಳ
(ಅದಕ್ಕೆ ಗಾರೆಯಿಲ್ಲದ ಕಲ್ಲಿನ ಗೋಡೆ ಸಾಕು, ಮೊಣಕಾಲೆತ್ತರ).
ದಿಬ್ಬದ ಮೇಲೆ ಚರ್ಚು.
ಇಳಿಜಾರಿನಲ್ಲಿ ಚರ್ಚಿಗಿಂತ ಹಳೆಯ ಹೆಂಡದಂಗಡಿ,
ತಲೆ ತಗ್ಗಿಸದೆ ಒಳಗೆ ಹೋಗುವಂತಿಲ್ಲ.
ನಡುವೆ ಯಾರಿಗೂ ಸೇರದ ಹುಲ್ಲು.

ಹೊರಗೆ ನಲವತ್ತೆರಡು ಡಿಗ್ರಿ.
ಕಂಪ್ಯೂಟರಿನ ಪಕ್ಕೆ ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದ್ದೇವೆ,
ಗಾಳಿ ಅದಕ್ಕೆ, ನಮಗಲ್ಲ.
ಒಳಗೆ ತುಂತುರು, ಮೂರೂ ಹೊತ್ತು.
'ಹಿಂಗ ಬಿದ್ರ ಮೆಣಸಿನಕಾಯಿ ಎಲ್ಲಿ ಒಣಗಸ್ತಾರ?'
ಅತ್ತೆಯ ಈ ಪ್ರಶ್ನೆಗೆ
ಆಟದ ಯಾವ ಪಟ್ಟಿಯಲ್ಲೂ ಉತ್ತರವಿಲ್ಲ.

ಗೋರಿಗಳು ಮಾತ್ರ ಸುಳ್ಳು ಹೇಳುತ್ತಿದ್ದವು.
ಒಂದೇ ಕಲ್ಲು, ಎಪ್ಪತ್ತು ಸಲ ಒತ್ತಿದ್ದು.
ಭಾನುವಾರ ಕಂಟೋನ್ಮೆಂಟಿನ ಕಡೆ ಹೋದೆ,
ದೊರೆಗಳನ್ನು ಹೂತ ಜಾಗ ನೋಡಲು.
ಕಾವಲಿನ ಏಸಪ್ಪ ಅಂದ: 'ಫೋಟೋ ಬ್ಯಾಡ. ಬೇಕಾದ್ರ ಓದಿಕೋ.'
ಬೇವಿನ ಬೇರು ಎತ್ತಿದ್ದು ಒಂದು, ಇರುವೆ ಇಳಿಸಿದ್ದು ಒಂದು,
ಒಂದೊಂದು ಕಲ್ಲೂ ತನ್ನ ಪಾಡಿಗೆ ವಾಲಿತ್ತು.
ಎಡಿತ್. ಎರಡು ವರ್ಷ, ಮೂರು ತಿಂಗಳು.
ಯಾವ ಊರಿನವರೋ, ಅದು ಸವೆದು
ಒಂದು ಡಬ್ಲ್ಯೂ ಉಳಿದಿತ್ತು.
ಬೆರಳಿಟ್ಟೆ. ಕಲ್ಲು ಹೆಂಚಿನ ಹಾಗೆ ಕಾದಿತ್ತು.

ಬರುವಾಗ ಪಾಳುಬಿದ್ದ ಬಂಗಲೆಯೊಂದರ ಮುಂದೆ ನಿಂತೆ.
ಚಿಕ್ಕಂದಿನಿಂದ ನೋಡಿದ ಮನೆ.
ಅದಕ್ಕೊಂದು ಹೊಗೆಗೂಡು.
ಈ ಊರಿನಲ್ಲಿ, ಗುಡ್ಡವೇ ರಾತ್ರಿಯಿಡೀ ಕಾವು ಉಗುಳುವ ಊರಿನಲ್ಲಿ,
ಬೆಂಕಿ ಕಾಯಿಸಿಕೊಳ್ಳಲು ಗೂಡು!
ಇಟ್ಟಿಗೆಯ ಒಳಮೈ ಕಪ್ಪಾಗಿಯೇ ಇರಲಿಲ್ಲ.

ಅಂದರೆ ನನಗಿಂತ ಮೊದಲೇ ಯಾರೋ
ಈ ಆಟ ಆಡಿದ್ದರು,
ಬೇರೆ ಊರಿನ ನೆಲದ ಮೇಲೆ.
ಅವರಿಗೆ ಅಳಿಸುವ ಗುಂಡಿ ಇರಲಿಲ್ಲ,
ಗುಂಡು ಒಡೆಯಲು ನಮ್ಮ ಮುತ್ತಜ್ಜಂದಿರು ಇದ್ದರು.

ಸಿಟ್ಟು ಬರಬೇಕಿತ್ತು. ಬಂತು ಕೂಡ, ಸಂಗಮ್ ವೃತ್ತದವರೆಗೆ.
ಆಮೇಲೆ ಆ ಎರಡು ವರ್ಷ ಮೂರು ತಿಂಗಳು
ಸಿಟ್ಟಿನ ಜೊತೆ ನಡೆಯಲಾರದೆ ಎತ್ತಿಕೋ ಎಂದಿತು.

ರಾತ್ರಿ, ರಸ್ತೆ ಹೊರಳುವಲ್ಲಿ,
ಇಲ್ಲದ ಗುಂಡಿನ ಪಕ್ಕ, ಒಂದು ಸಣ್ಣ ಮನೆ ಕಟ್ಟಿದೆ.
ಹೊಗೆಗೂಡಿಗೆ ಹೊಗೆ ಹಾಕಿದೆ.
ಖಾಜಾ ಏನೂ ಅನ್ನಲಿಲ್ಲ.
ಕರೆಂಟು ಹೋಯಿತು, ಯುಪಿಎಸ್ ಕೀರಲು ಶುರುಮಾಡಿತು,
ಉಳಿಸಲು ಒತ್ತಿದರೆ ಊರಿನ ಹೆಸರು ಕೇಳಿತು.
ಗೊತ್ತಿದ್ದ ಒಂದಕ್ಷರ ಬರೆದೆ.

ನೆಲದ ಮೇಲೆ ಮಲಗಿದ್ದ ಅತ್ತೆ
ಅರೆಗಣ್ಣಿನಲ್ಲಿ ಪರದೆ ನೋಡಿ ಮಗ್ಗುಲಾದಳು:
'ಒಲಿ ಹತ್ತೇತಲ್ಲ. ಯಾರೋ ಅದಾರ, ಹಂಗಾರ.'